ನೆಲ ಗಟ್ಟಿಯಾಗುವ ಕಾಲ

ದೂರದ ಉತ್ತರದ ಕುರುಂಗ್ ಊರಿನವರು ಯಾನಾ ನದಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜಿ ಎನ್ನುತ್ತಾರೆ. ಅಜ್ಜಿ ಮಲಗಿದಳು ಎಂದರೆ ಅಕ್ಟೋಬರ್‌ನಲ್ಲಿ ನೀರು ಹೆಪ್ಪುಗಟ್ಟಿತು ಎಂದು ಅರ್ಥ. ಅಜ್ಜಿ ಎದ್ದಳು ಎಂದರೆ ಮೇ ತಿಂಗಳ ಕೊನೆಗೆ ಮಂಜುಗಡ್ಡೆ ಬಿರಿದು ಹೊರಟಿತು ಎಂದು. ಅಜ್ಜಿ ಏಳುವ ದಿನ ಊರಿಗೆ ಊರೇ ದಡದಲ್ಲಿ ನೆರೆಯುತ್ತದೆ. ಹೆಂಗಸರು ಬೆಣ್ಣೆ ಸವರಿದ ದೋಸೆಯ ಚೂರುಗಳನ್ನು ನೀರಿಗೆ ಹಾಕಿ ಕೈಮುಗಿಯುತ್ತಾರೆ. ಮನೆಯಷ್ಟು ದೊಡ್ಡ ಗಡ್ಡೆಗಳು ಒಂದರ ಮೇಲೊಂದು ಹತ್ತಿ ಗುಡುಗುವಾಗ ಗಂಡಸರು ಟೋಪಿ ತೆಗೆದು ಕೂಗು ಹಾಕುತ್ತಾರೆ.

ಫ್ಯೋಕ್ಲಾ ಆ ದಿನ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಕಿಟಕಿಗೆ ಹೊದಿಕೆ ಕಟ್ಟಿ, ಒಲೆಯ ಹಿಂದಿನ ಮಂಚದಲ್ಲಿ ತಲೆಯವರೆಗೂ ಮುಸುಕೆಳೆದು ಮಲಗಿಬಿಡುತ್ತಿದ್ದಳು. ವಿಚಿತ್ರವೆಂದರೆ ನದಿಯ ಲೆಕ್ಕ ಇಡುವುದೇ ಅವಳ ನೌಕರಿ. ನಲವತ್ತೆರಡು ವರ್ಷ ಅವಳು ಕುರುಂಗ್‌ನ ನದಿ ಮಾಪಕಿಯಾಗಿದ್ದಳು. ನೀರಿನ ಮಟ್ಟ, ಮಂಜುಗಡ್ಡೆಯ ದಪ್ಪ, ಗಾಳಿ, ಚಳಿ, ಎಲ್ಲವನ್ನೂ ದಿನಕ್ಕೆರಡು ಸಲ ಬರೆಯಬೇಕು. ಆ ಪುಸ್ತಕಗಳನ್ನು ಈಗಲೂ ತೆರೆದು ನೋಡಬಹುದು: ಎಲ್ಲ ಪುಟಗಳಲ್ಲೂ ಫ್ಯೋಕ್ಲಾಳ ಸಣ್ಣ, ನೆಟ್ಟನೆಯ ಅಕ್ಷರ; ವರ್ಷಕ್ಕೊಂದು ಪುಟದಲ್ಲಿ ಮಾತ್ರ, ಗಡ್ಡೆ ಹೊರಟ ದಿನದ ಪುಟದಲ್ಲಿ, ಅವಳ ಗಂಡ ಗವ್ರಿಲ್‌ನ ಸೊಟ್ಟ ಅಕ್ಷರ. ಕುದುರೆ ಕಾಯುವ ಅವನು ಅಂದು ಮಂದೆ ಬಿಟ್ಟು ಊರಿಗೆ ಬಂದು, ದಡದಲ್ಲಿ ನಿಂತು ಗಡಿಯಾರ ನೋಡಿ ಬರೆದುಕೊಂಡು, ಮನೆಗೆ ಬಂದು ಬಾಗಿಲು ತಟ್ಟುತ್ತಿದ್ದ.

"ಏಳೇ, ಮುಗೀತು. ಅಜ್ಜಿ ಹೋದ್ಲು."

"ಸದ್ದು ನಿಂತಿಲ್ಲ."

"ಅದು ನನ್ನ ಹೊಟ್ಟೆ ಕಣೇ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಅವಳು ನಗುತ್ತಿರಲಿಲ್ಲ. ಆದರೂ ಎದ್ದು ಚಹಾಕ್ಕೆ ನೀರಿಡುತ್ತಿದ್ದಳು.

ಫ್ಯೋಕ್ಲಾಗೆ ಒಂಬತ್ತು ವರ್ಷವಾಗಿದ್ದಾಗ ಅಂಥದ್ದೇ ಒಂದು ಮೇ ತಿಂಗಳಲ್ಲಿ ಅವಳ ಅಕ್ಕ ಮಾರ್ಫಾ ನದಿಗೆ ಬಿದ್ದು ಸತ್ತಳು. ಮಾರ್ಫಾಗೆ ಹತ್ತೊಂಬತ್ತು. ಅಪ್ಪ ಯುದ್ಧದಿಂದ ತಂದ ಗಾಯದಲ್ಲೇ ನರಳಿ ಕಣ್ಣು ಮುಚ್ಚಿದ್ದ. ಅಮ್ಮ ಅನೀಸ್ಯಾ ಮತ್ತು ಮಾರ್ಫಾ ಇಬ್ಬರೂ ಊರಿನ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಹಾಲು ಕರೆದು ಮನೆ ನಡೆಸುತ್ತಿದ್ದರು. ಅಂಗಡಿ ಇದ್ದದ್ದು ನದಿಯ ಆಚೆ ದಡದಲ್ಲಿ. ಅದರ ಪಕ್ಕದಲ್ಲೇ ನೆಲದೊಳಗಿನ ತವರ ಹುಡುಕಲು ಬಂದವರ ಡೇರೆಗಳು. ಆ ದಿನ ಬೆಳಗ್ಗೆ ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಾಗ ಫ್ಯೋಕ್ಲಾ ಅವಳ ಸೊಂಟ ಹಿಡಿದು ಜೋತು ಬಿದ್ದಿದ್ದಳು.

"ಅಕ್ಕಾ, ಆಚೆ ದಡಕ್ಕೆ ಹೋದ್ರೆ ಜೇನಿನ ಬಿಸ್ಕತ್ತು ತಾರೇ."

"ಯಾರು ಹೇಳಿದ್ರು ಹೋಗ್ತೀನಿ ಅಂತ?"

"ಹೊಸ ಲಂಗ ಹಾಕಿದೀಯಲ್ಲ."

ಮಾರ್ಫಾ ಅವಳ ಮೂಗು ಹಿಂಡಿ, "ಆಯ್ತು ಹೊಟ್ಟೆಬಾಕಿ, ತರ್ತೀನಿ. ಬಾಯಿ ಮುಚ್ಕೊಂಡಿರು," ಎಂದಳು.

ಗಡ್ಡೆ ಆಗಲೇ ಕಪ್ಪಿಟ್ಟಿತ್ತು. ಅಂಚಿನಲ್ಲಿ ನೀರು ಮೇಲೆ ಬಂದಿತ್ತು. ಹಿಂದಿನ ದಿನವಷ್ಟೇ ಒಬ್ಬ ಕುದುರೆ ಗಾಡಿಯನ್ನೇ ದಾಟಿಸಿದ್ದರಿಂದ ಯಾರೂ ಅವಳನ್ನು ತಡೆಯಲಿಲ್ಲ. ಮಧ್ಯಾಹ್ನ ದಾಟಿ ಅವಳು ಹಿಂದಿರುಗುತ್ತಿದ್ದಾಗ, ನಡು ನದಿಯಲ್ಲಿ, ಅಜ್ಜಿ ಎದ್ದಳು. ದಡದಲ್ಲಿ ನಿಂತವರೆಲ್ಲ ನೋಡಿದರು. ಫ್ಯೋಕ್ಲಾ ಕೂಡ ನೋಡಿದಳು. ಲಂಗವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು ಮಾರ್ಫಾ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ನೆಗೆದಳು, ಇನ್ನೊಂದಕ್ಕೆ ನೆಗೆದಳು, ಆಮೇಲೆ ಒಮ್ಮೆ ನಿಂತು ದಡದ ಕಡೆ ಕೈ ಬೀಸಿದಳು. ಬರುತ್ತಿದ್ದೇನೆ ಎಂದೋ, ಹೋಗುತ್ತಿದ್ದೇನೆ ಎಂದೋ, ಯಾರಿಗೂ ತಿಳಿಯಲಿಲ್ಲ. ಎರಡು ಗಡ್ಡೆಗಳು ಬಾಗಿಲಿನ ಹಾಗೆ ಮುಚ್ಚಿಕೊಂಡವು.

ಒಂಬತ್ತು ದಿನಗಳ ಮೇಲೆ ಊರ ಕೆಳಗಿನ ತಿರುವಿನಲ್ಲಿ ರಾಶಿಬಿದ್ದ ಗಡ್ಡೆಗಳ ನಡುವೆ ಅವಳು ಸಿಕ್ಕಳು. ಅಮ್ಮ ಯಾರನ್ನೂ ಹತ್ತಿರ ಬಿಡದೆ ಒಬ್ಬಳೇ ಮೈ ತೊಳೆದು, ಬಟ್ಟೆ ಉಡಿಸಿ, ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಸಿದಳು. ನದಿ ದಡದ ಸ್ಮಶಾನದಲ್ಲಿ ಹೂಳಿ ಬಂದ ಮೇಲೆ, ಒಲೆಯ ಮುಂದೆ ಕೂತು, ಬೆಂಕಿಯನ್ನೇ ನೋಡುತ್ತ ಅವಳು ಹೇಳಿದಳು:

"ನಿನ್ನ ಬಾಯಿಚಪಲ ಅವಳನ್ನ ತಿಂತು."

ಒಂದೇ ಸಲ ಹೇಳಿದ್ದು. ಆಮೇಲೆ ಸಾಯುವವರೆಗೆ ಇಪ್ಪತ್ತನಾಲ್ಕು ವರ್ಷ ಆ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಹುಡುಗಿ ಅದನ್ನು ನುಂಗಿಬಿಟ್ಟಿದ್ದಳು.

ಹದಿನೆಂಟು ತುಂಬುತ್ತಲೇ ಫ್ಯೋಕ್ಲಾ ನದಿ ಮಾಪಕಿಯ ಕೆಲಸ ಕೇಳಿಕೊಂಡು ಹೋದಳು. ಯಾರೂ ಬಯಸದ ಕೆಲಸ ಅದು, ಸುಲಭವಾಗಿ ಸಿಕ್ಕಿತು. ನದಿಯ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಬೈರಿಗೆ ಹೆಗಲಿಗೆ ಹಾಕಿ ಅವಳು ನಡು ನದಿಗೆ ನಡೆದು ಹೋಗಿ ತೂತು ಕೊರೆಯುತ್ತಿದ್ದಳು. ಅಕ್ಟೋಬರ್‌ನಲ್ಲಿ ನಾಲ್ಕು ಬೆರಳು. ನವೆಂಬರ್‌ನಲ್ಲಿ ಎರಡು ಗೇಣು. ಹೊಸ ವರ್ಷದ ಹೊತ್ತಿಗೆ ಎರಡು ಮೊಳ. ಗಡ್ಡೆ ದಪ್ಪವಾದಷ್ಟೂ ಅವಳ ಮುಖ ತಿಳಿಯಾಗುತ್ತಿತ್ತು. ಸೊನ್ನೆಯ ಕೆಳಗೆ ಐವತ್ತು ಡಿಗ್ರಿ ಚಳಿ ಬಿದ್ದ ಬೆಳಗು, ಹೊಗೆ ನೆಟ್ಟಗೆ ಕಂಬದಂತೆ ನಿಂತಾಗ, ಬಿಟ್ಟ ಉಸಿರು ಕಿವಿಯ ಪಕ್ಕದಲ್ಲೇ ಹೆಪ್ಪುಗಟ್ಟಿ ಕಾಳು ಸುರಿದಂತೆ ಸರಸರ ಎನ್ನುವಾಗ, ಫ್ಯೋಕ್ಲಾ ಹಾಡು ಗುನುಗುವುದನ್ನು ಜನ ಕೇಳಿದ್ದಾರೆ. ಚಳಿಗಾಲದಲ್ಲಿ ನದಿಯೇ ದಾರಿ. ಆಚೆ ದಡದವರು ಬಂದು ಚಹಾ ಕುಡಿದು, ಹೆಪ್ಪುಗಟ್ಟಿದ ಮೀನನ್ನು ಹೆರೆದು ಉಪ್ಪು ಹಚ್ಚಿ ತಿಂದು ಹೋಗುತ್ತಿದ್ದರು. ಮಾಂಸ ಹೊರಗೆ ತೂಗುಹಾಕಿದರೂ ಕೆಡುವುದಿಲ್ಲ. ನೊಣವಿಲ್ಲ, ಸೊಳ್ಳೆಯಿಲ್ಲ, ಕೆಸರಿಲ್ಲ. ಇದೆಲ್ಲ ಊರಿನವರ ಕಾರಣಗಳು. ಫ್ಯೋಕ್ಲಾಳ ಕಾರಣ ಬೇರೆ. ನೆಲ ಗಟ್ಟಿಯಾದರೆ ಅದರೊಳಗಿನದು ಕದಲುವುದಿಲ್ಲ.

ಬೇಸಿಗೆಯಲ್ಲಿ ಮಾರ್ಫಾ ಬರುತ್ತಿದ್ದಳು. ಕನಸಿನಲ್ಲೋ ಎಚ್ಚರದಲ್ಲೋ ಫ್ಯೋಕ್ಲಾಗೆ ಖಚಿತವಿರಲಿಲ್ಲ. ಜೂನ್ ಮುಗಿಯುತ್ತ ಬಂದಾಗ, ಇಡೀ ದಿನ ಸೂರ್ಯ ಮುಳುಗದೆ ನೆಲ ಮೆತ್ತಗಾದಾಗ, ಬಾಗಿಲ ಬಳಿ ಒಬ್ಬಳು ನಿಂತಿರುತ್ತಿದ್ದಳು. ಲಂಗದಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳವಿಲ್ಲ, ಅಳುವಿಲ್ಲ. "ಕಾಲು ಒದ್ದೆ ಆಗ್ತಿದೆ ಕಣೇ," ಎನ್ನುತ್ತಿದ್ದಳು, ಅಷ್ಟೇ. ಬೆಳಗ್ಗೆ ನೋಡಿದರೆ ಹೊಸ್ತಿಲ ಒಳಗೆ ಹಲಗೆಯ ಮೇಲೆ ಅಂಗೈಯಗಲ ಒದ್ದೆ.

"ಸೂರು ಸೋರ್ತಿದೆ," ಎಂದು ಗವ್ರಿಲ್ ಏಣಿ ಹಾಕಿ ಮೇಲೆ ಹತ್ತುತ್ತಿದ್ದ. ಮೂರು ಸಲ ಸೂರು ಬದಲಾಯಿಸಿದ. ಒದ್ದೆ ಹೋಗಲಿಲ್ಲ. ಆಮೇಲೆ ಅವನೂ ಏಣಿಯ ಸುದ್ದಿ ಬಿಟ್ಟು, ಅಲ್ಲಿ ಒಂದು ಕುದುರೆ ಚರ್ಮ ಹಾಸಿದ.

ಅವಳು ನಿವೃತ್ತಳಾದ ಮರುವರ್ಷ ಗವ್ರಿಲ್‌ನ ತಂಗಿ ಉಸ್ತಿನ್ಯಾ ದಕ್ಷಿಣದ ಕ್ರಾಸ್ನೊದಾರ್‌ನಿಂದ ಹಟ ಹಿಡಿದಳು. "ಜನ್ಮವಿಡೀ ಹೆಪ್ಪುಗಟ್ಟಿದ್ದು ಸಾಕು, ಬನ್ನಿ ಅತ್ತಿಗೆ. ಇಲ್ಲಿ ಜನವರಿಯಲ್ಲೂ ಹುಲ್ಲು ಹಸಿರಾಗಿರುತ್ತೆ." ಗವ್ರಿಲ್‌ನ ಮೊಣಕಾಲಿಗೂ ಅದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಇಬ್ಬರೂ ಹೋದರು. ನವೆಂಬರ್ ಕಳೆಯಿತು, ಮಳೆ. ಡಿಸೆಂಬರ್, ಮಳೆ. ಫ್ಯೋಕ್ಲಾ ದಿನವೂ ಅಂಗಳಕ್ಕಿಳಿದು ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುತ್ತಿದ್ದಳು. ಹಿಮ್ಮಡಿ ಇಳಿಯುತ್ತಿತ್ತು.

"ಏನು ಹುಡುಕ್ತೀರಾ ಅತ್ತಿಗೆ?"

"ಈ ನೆಲ ಯಾವಾಗ ಗಟ್ಟಿಯಾಗುತ್ತೆ ಉಸ್ತಿನ್ಯಾ?"

"ಇದು ಗಟ್ಟಿಯಾಗೋ ನೆಲ ಅಲ್ಲ. ಇಲ್ಲಿ ಏನು ಹಾಕಿದ್ರೂ ಬೆಳೆಯುತ್ತೆ."

"ಹಾಕಿದ್ದೆಲ್ಲ ಮೇಲೆ ಬಂದ್ರೆ ಹೇಗೇ ಬದುಕ್ತೀರಿ?" ಎಂದಳು ಫ್ಯೋಕ್ಲಾ. ಉಸ್ತಿನ್ಯಾ ನಕ್ಕಳು. ಅತ್ತಿಗೆ ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದಾಗ ನಗು ನಿಲ್ಲಿಸಿದಳು.

ಜನವರಿಯಲ್ಲಿ ಅವರು ಹಿಂದಿರುಗಿದರು. ವಿಮಾನದಿಂದಿಳಿದಾಗ ಐವತ್ಮೂರು ಡಿಗ್ರಿ ಚಳಿ. ಮೊದಲ ಉಸಿರಿಗೇ ಗವ್ರಿಲ್ ಕೆಮ್ಮಿ ಬಗ್ಗಿದ. ಫ್ಯೋಕ್ಲಾ ಕಣ್ಣು ಮುಚ್ಚಿ ನಿಂತಳು. ರೆಪ್ಪೆಗಳು ಒಂದಕ್ಕೊಂದು ಅಂಟಿದವು. ಕೆನ್ನೆಯ ಮೇಲೆ ಎರಡು ಗೆರೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ನೋಡಿ ಗವ್ರಿಲ್, "ಲೇ, ಮೊದಲೇ ಹೇಳಿದ್ರೆ ಟಿಕೆಟ್ಟಾದ್ರೂ ಉಳೀತಿತ್ತಲ್ಲೇ," ಎಂದ.

ಅದಾದ ಎರಡನೆಯ ಬೇಸಿಗೆಯಲ್ಲಿ ದಡ ಕುಸಿಯಿತು. ಮೊದಲೂ ಕುಸಿಯುತ್ತಿತ್ತು, ವರ್ಷಕ್ಕೆ ಒಂದು ಹೆಜ್ಜೆ, ಅರ್ಧ ಹೆಜ್ಜೆ. ಆ ವರ್ಷ ಬಿಸಿಲು ವಿಪರೀತವಾಗಿ, ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲದಾಳ ಬೆವೆತು, ಏಳು ಹೆಜ್ಜೆ ಒಮ್ಮೆಗೇ ಜಾರಿತು. ಸ್ಮಶಾನದ ಹೊರಸಾಲಿನ ಎರಡು ಗೋರಿಗಳು ನದಿ ಪಾಲಾದವು. ಮಾರ್ಫಾಳ ಗೋರಿಗೂ ದಡದಂಚಿಗೂ ಮೂರು ಹೆಜ್ಜೆ ಉಳಿಯಿತು. ಆ ಬೇಸಿಗೆ ಬಾಗಿಲ ಬಳಿಯ ಚರ್ಮ ಒಣಗಲೇ ಇಲ್ಲ. ಫ್ಯೋಕ್ಲಾ ದಿನವೂ ದಡಕ್ಕೆ ಹೋಗಿ ಮಾರು ಹಾಕಿ ಅಳೆದು ಬರುತ್ತಿದ್ದಳು. ಊಟ ಸೇರಲಿಲ್ಲ.

"ಅಜ್ಜಿಗೆ ಅವಳನ್ನ ಎರಡನೇ ಸಲ ಕೊಡಲ್ಲ," ಎಂದಳು ಒಂದು ದಿನ.

ಗೋರಿ ಎತ್ತುವುದೆಂದರೆ ಊರಿನಲ್ಲಿ ಯಾರೂ ಬಾಯಲ್ಲಿ ಆಡದ ಮಾತು. ಮುದುಕಿಯರು ಎದೆ ಬಡಿದುಕೊಂಡರು: ಮಲಗಿದವರನ್ನು ಎಬ್ಬಿಸಿದರೆ ಎಬ್ಬಿಸಿದವರ ಜೊತೆಗೇ ನಡೆದು ಬರುತ್ತಾರೆ. "ಅವಳು ಹೇಗೂ ಬರ್ತಾನೇ ಇದಾಳೆ," ಎಂದು ಫ್ಯೋಕ್ಲಾ ಉತ್ತರ ಕೊಟ್ಟಳು. ಕೊನೆಗೆ ಒಪ್ಪಿದವನು ಟೆರೆಂತಿ ಒಬ್ಬನೇ. ದೂರದ ದಾಯಾದಿ, ಎಪ್ಪತ್ತೇಳು ವರ್ಷದವನು, ಊರಿನ ಗೋರಿಗಳನ್ನೆಲ್ಲ ಅಗೆದವನು.

"ತಂಗೀ, ಬೇಸಿಗೇಲಿ ಆಗಲ್ಲ. ಕೈ ಹಾಕಿದ್ರೆ ದಡಾನೇ ಜಾರುತ್ತೆ. ಚಳಿ ಬರ್ಲಿ."

"ಚಳಿ ಬಂದೇ ಬರುತ್ತೆ ಅಣ್ಣ," ಎಂದಳು ಫ್ಯೋಕ್ಲಾ. ಆ ವರ್ಷ ಅವಳು ಚಳಿಯನ್ನು ಕಾದಷ್ಟು ಬಸುರಿ ಹೆರಿಗೆಯನ್ನು ಕಾಯುವುದಿಲ್ಲ.

ಜನವರಿಯ ಮೂರನೆಯ ವಾರ. ಸೂರ್ಯ ಬೆಟ್ಟದಂಚಿನಲ್ಲಿ ಒಂದೆರಡು ಗಂಟೆ ಇಣುಕಿ ಇಳಿದುಬಿಡುವ ಕಾಲ. ಗವ್ರಿಲ್ ಹತ್ತು ಜಾರುಗಾಡಿ ಒಣ ಸೌದೆ ತಂದು ಹಾಕಿದ. ಟೆರೆಂತಿ ಗೋರಿಯ ಮೇಲೆ ಬೆಂಕಿ ಒಟ್ಟಿ, ಬೆಣ್ಣೆ ಹಾಕಿ, ಕ್ಷಮೆ ಕೇಳಿದ. ಬೆಂಕಿ ಉರಿದು ಆರಿದ ಮೇಲೆ ಕರಗಿದ ಒಂದು ಗೇಣು ಮಣ್ಣು ಅಗೆಯುವುದು, ಮತ್ತೆ ಬೆಂಕಿ ಒಟ್ಟುವುದು, ಮತ್ತೆ ಒಂದು ಗೇಣು. ಹೀಗೆ ಮೂರು ದಿನ. ಕೊನೆಯ ಒಂದು ಗೇಣಿಗೆ ಬೆಂಕಿ ಇಡಲಿಲ್ಲ, ಗುದ್ದಲಿಯಿಂದಲೇ ಚಿಪ್ಪು ಚಿಪ್ಪಾಗಿ ಎಬ್ಬಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ, ಕುದುರೆ ಕೂದಲ ಹಗ್ಗ ಕಟ್ಟಿ ಪೆಟ್ಟಿಗೆಯನ್ನು ಮೇಲೆಳೆಯುವಾಗ, ಐವತ್ತೈದು ವರ್ಷದ ಮೊಳೆಗಳು ಕಿತ್ತು ಮುಚ್ಚಳ ಒಂದು ಬದಿಗೆ ಸರಿಯಿತು.

"ನೋಡ್ಬೇಡ," ಎಂದ ಟೆರೆಂತಿ.

ಫ್ಯೋಕ್ಲಾ ಆಗಲೇ ನೋಡಿಯಾಗಿತ್ತು.

ಯಾವುದೋ ಬೇಸಿಗೆಯಲ್ಲಿ ಒಳಗಿಳಿದ ನೀರು ಹೆಪ್ಪುಗಟ್ಟಿ ಪೆಟ್ಟಿಗೆ ತುಂಬ ತಿಳಿ ಮಂಜುಗಡ್ಡೆ. ಅದರಡಿಯಲ್ಲಿ, ಕಿಟಕಿ ಗಾಜಿನಾಚೆ ಮಲಗಿದಂತೆ, ಮಾರ್ಫಾ. ಕೆನ್ನೆ ಹಾಗೇ ಇತ್ತು. ಹುಬ್ಬು ಹಾಗೇ. ಬಾಯಿ ಚೂರು ತೆರೆದಿತ್ತು, ಏನೋ ಹೇಳುತ್ತ ಹೇಳುತ್ತ ನಿದ್ದೆ ಹೋದವರ ಹಾಗೆ. ಅರವತ್ಮೂರು ವರ್ಷದ ಫ್ಯೋಕ್ಲಾ ಮಂಡಿಯೂರಿ ಕೂತು ಹತ್ತೊಂಬತ್ತರ ಹುಡುಗಿಯನ್ನು "ಅಕ್ಕಾ" ಎಂದು ಕರೆದಳು. ತನ್ನ ದನಿ ತನಗೇ ಮುದಿಯಾಗಿ ಕೇಳಿತು. ನನ್ನನ್ನು ಗುರುತು ಹಿಡಿಯುವಳೇ ಎಂದು ಅವಳಿಗೆ ಭಯವಾಯಿತು.

ಎದೆಯ ಮೇಲೆ ಮಡಿಸಿಟ್ಟ ಕೈಗಳಲ್ಲಿ ಎಡಗೈಯ ಮಣಿಕಟ್ಟಿಗೆ ಒಂದು ಗಡಿಯಾರ ಕಟ್ಟಿತ್ತು. ಗಂಡಸರ ಗಡಿಯಾರ, ಅಗಲ ಮುಖದ್ದು. ಪಟ್ಟಿ ಆ ಸಣ್ಣ ಕೈಗೆ ದೊಡ್ಡದಾಗಿ ಹೊಸದೊಂದು ತೂತು ಚುಚ್ಚಿ ಬಿಗಿದಿದ್ದರು.

"ಇದು ಯಾರದು?"

ಗವ್ರಿಲ್ ಟೆರೆಂತಿಯ ಮುಖ ನೋಡಿದ. ಟೆರೆಂತಿ ಮೈ ಕಾಯಿಸಲು ಪಕ್ಕದಲ್ಲಿ ಹಾಕಿದ್ದ ಬೆಂಕಿಯ ಕಡೆ ತಿರುಗಿದ.

"ಅಣ್ಣ, ಯಾರದು ಇದು?"

"ಹೋಗ್ಲಿ ಬಿಡು ತಂಗಿ. ಮುಚ್ಚೋಣ."

"ಹೇಳೋವರೆಗೂ ಮುಚ್ಚಲ್ಲ."

ಟೆರೆಂತಿ ಕೈಗವಸು ತೆಗೆದು ಮೀಸೆಯ ಮೇಲಿನ ಮಂಜು ಕಿತ್ತ. "ಆಚೆ ದಡದ ಡೇರೆಯವನದು. ನೆಲ ಕೊರೆಯೋನು ಒಬ್ಬ ಇದ್ದ, ಚೂರು ಕುಂಟ್ತಿದ್ದ. ಚಳಿಗಾಲ ಪೂರ್ತಿ ಇವಳು ಹೋಗ್ತಿದ್ಲು, ಅವನು ಬರ್ತಿದ್ದ. ಅವತ್ತೂ ಅವನನ್ನ ನೋಡೋಕೇ ಹೋಗಿದ್ದು. ನದಿ ಒಡೆದ್ರೆ ಎರಡು ವಾರ ದಾಟೋ ಹಾಗಿರಲ್ವಲ್ಲ."

"ಸುಳ್ಳು. ಅವಳು ಅಂಗಡಿಗೆ ಹೋಗಿದ್ಲು. ನಾನು ಬಿಸ್ಕತ್ತು ಕೇಳಿದ್ದೆ."

"ಅವತ್ತು ಭಾನುವಾರ ಕಣವ್ವ. ಅಂಗಡಿ ತೆಗೆದೇ ಇರ್ಲಿಲ್ಲ."

ಸೌದೆಯೊಂದು ಬೆಂಕಿಯಲ್ಲಿ ಸಿಡಿಯಿತು. ನಲವತ್ತೆರಡು ವರ್ಷ ದಿನ, ವಾರ, ಗಂಟೆ ಬರೆದ ಹೆಂಗಸು ಆ ಒಂದು ದಿನದ ವಾರವನ್ನು ಎಂದೂ ಎಣಿಸಿ ನೋಡಿರಲಿಲ್ಲ.

"ಯಾರ್ಯಾರಿಗೆ ಗೊತ್ತಿತ್ತು?"

"ಊರಿಗೆಲ್ಲ ಗೊತ್ತಿತ್ತು. ಮಗಳ ಹೆಸರು ಕೆಡಬಾರ್ದು ಅಂತ ನಿಮ್ಮಮ್ಮ ಮನೆಮನೆಗೆ ಹೋಗಿ ಬೆಂಕಿ ಮುಂದೆ ಆಣೆ ಹಾಕಿಸ್ಕೊಂಡ್ಲು. ಮಗು ಬಿಸ್ಕತ್ತು ಕೇಳ್ತು, ತರೋಕೆ ಹೋದ್ಲು, ಅಷ್ಟೇ ಮಾತು ಅಂತ. ಅದು ನಿನ್ನೊಳಗೆ ಹೀಗೆ ಇಳಿದಿದೆ ಅಂತ ನಮಗೇನು ಗೊತ್ತು? ನೀನೂ ಕೇಳ್ಲಿಲ್ಲ."

"ಅವನು ಏನಾದ?"

"ಅಕ್ಟೋಬರ್‌ವರೆಗೂ ಆಚೆ ದಡದಲ್ಲಿ ನಿಂತಿರ್ತಿದ್ದ. ನಮ್ಮೂರ ದೋಣಿಯವರು ಅವನನ್ನ ಹತ್ತಿಸ್ಕೊಳ್ಲಿಲ್ಲ. ಮೊದಲ ಗಡ್ಡೆ ಕಟ್ಟಿದ ದಿನ ಎಲ್ಲರಿಗಿಂತ ಮುಂಚೆ ದಾಟಿ ಇಲ್ಲಿಗೆ ಬಂದ. ಇಗೋ, ಇದೇ ಜಾಗದಲ್ಲಿ ನಿಂತಿದ್ದ. ಆಮೇಲೆ ಅವನನ್ನ ಯಾರೂ ನೋಡ್ಲಿಲ್ಲ."

ಫ್ಯೋಕ್ಲಾ ಎದ್ದು ನಿಂತಳು. ಹೊರೆ ಇಳಿಯಿತು ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಐವತ್ತೈದು ವರ್ಷ ಹೊತ್ತು ಹೊತ್ತು ಬೆನ್ನು ಆ ಹೊರೆಯ ಆಕಾರಕ್ಕೇ ಬಾಗಿತ್ತು. ಈಗ ಅಲ್ಲಿ ಗಾಳಿ ಆಡಿ ಒಳಗೆಲ್ಲ ನಡುಗಿತು. ಜೀವನದಲ್ಲಿ ಮೊದಲ ಸಲ ಅವಳಿಗೆ ಚಳಿಯಾಯಿತು. ಗವ್ರಿಲ್ ತನ್ನ ತೋಳದ ಚರ್ಮದ ಕೋಟು ಬಿಚ್ಚಿ ಅವಳಿಗೆ ಹೊದಿಸಿ, "ಬಾರೇ, ಕತ್ತಲಾಗೋದ್ರೊಳಗೆ ಅವಳನ್ನ ಗುಡ್ಡದ ಮೇಲೆ ಸೇರಿಸೋಣ," ಎಂದ.

ಗಡಿಯಾರವನ್ನು ಮುಟ್ಟಲಿಲ್ಲ. ಮುಚ್ಚಳ ಮುಚ್ಚಿ, ಜಾರುಗಾಡಿಗೆ ಬಿಗಿದು, ಊರ ಹಿಂದಿನ ಗುಡ್ಡದ ಮೇಲೆ, ಕಲ್ಲು ನೆಲದಲ್ಲಿ ಮೊದಲೇ ತೋಡಿಟ್ಟ ಗುಂಡಿಗೆ ಇಳಿಸಿದರು. ಸತ್ತವಳು ಬೆನ್ನು ಹತ್ತಿ ಬರದಿರಲೆಂದು ಗುದ್ದಲಿ ಹಿಡಿಗಳನ್ನು ಮುರಿದು ಅಲ್ಲೇ ಬಿಟ್ಟರು, ಹೊಗೆ ಹಾಕಿ ಅದನ್ನು ದಾಟಿ, ಬೇರೆ ದಾರಿಯಿಂದ ಇಳಿದು ಬಂದರು.

ಇಳಿಯುವಾಗ ಟೆರೆಂತಿ ಮೆಲ್ಲಗೆ ಕೇಳಿದ: "ನಿಮ್ಮಮ್ಮನೂ ಕೆಳಗೇ ಇದಾಳೆ. ದಡದಂಚಿಗೆ ಹದಿನೈದು ಹೆಜ್ಜೆ ಅಷ್ಟೇ. ಬರೋ ವರ್ಷ ಅವಳನ್ನೂ..."

"ಅವಳು ಅಲ್ಲೇ ಇರ್ಲಿ," ಎಂದಳು ಫ್ಯೋಕ್ಲಾ. "ಅಜ್ಜಿ ಬಂದು ವಿಚಾರಿಸ್ಕೊಳ್ಳಲಿ."

ಮುಂದಿನ ಬೇಸಿಗೆಗಳಲ್ಲಿ ಮಾರ್ಫಾ ಬರಲಿಲ್ಲ. ಫ್ಯೋಕ್ಲಾ ಅದಕ್ಕೆ ಸಂತೋಷಪಟ್ಟಳೆಂದು ಹೇಳುವಂತಿಲ್ಲ. ಖಾಲಿ ಬಾಗಿಲನ್ನು ನೋಡುತ್ತ ಕೂತಿರುವಳು. "ಬಿಸ್ಕತ್ತು ಅಲ್ಲ ಅಂತ ಒಂದು ಮಾತು ನೀನಾದ್ರೂ ಹೇಳ್ಬಾರ್ದಿತ್ತಾ?" ಎಂದು ಒಮ್ಮೆ ಜೋರಾಗಿ ಕೇಳಿದಳು. ಕುದುರೆಯ ಲಾಳ ನೋಡುತ್ತಿದ್ದ ಗವ್ರಿಲ್ ತಲೆ ಎತ್ತಿ, ಮತ್ತೆ ಬಗ್ಗಿದ. ದಡ ಕುಸಿಯುತ್ತಲೇ ಇತ್ತು. ಅಮ್ಮನ ಗೋರಿಗೆ ಹತ್ತು ಹೆಜ್ಜೆ ಉಳಿಯಿತು, ಆಮೇಲೆ ಎಂಟು. ಫ್ಯೋಕ್ಲಾ ಅಳೆಯಲು ಹೋಗಲಿಲ್ಲ. ಆದರೆ ಯಾರಾದರೂ ದಡದ ಕಡೆಯಿಂದ ಬಂದರೆ ಎಷ್ಟು ಉಳಿದಿದೆ ಎಂದು ಕೇಳದೆ ಬಿಡುತ್ತಿರಲಿಲ್ಲ.

ನಾಲ್ಕನೆಯ ವರ್ಷ ಎರಡು ಹೆಜ್ಜೆ ಉಳಿಯಿತು. ಆ ಆಗಸ್ಟಿನಲ್ಲಿ ಅವಳ ನಿದ್ದೆ ಪೂರ್ತಿ ಹೋಯಿತು. ಗೋರಿಯಿಂದ ಯಾರೂ ಎದ್ದು ಬರಲಿಲ್ಲ. ಆಣೆ ಹಾಕಿಸಿಕೊಳ್ಳಲು ಹೋದ ಆ ಒಂದು ಸಲ ಬಿಟ್ಟರೆ ಅಮ್ಮ ಬದುಕಿದ್ದಾಗಲೂ ಯಾರ ಬಾಗಿಲಿಗೂ ಹೋಗಿ ನಿಂತವಳಲ್ಲ. ಆದರೆ ಒಲೆಯ ಮುಂದೆ ಕೂತಾಗ ಫ್ಯೋಕ್ಲಾಗೆ ತನ್ನ ಪಕ್ಕದಲ್ಲಿ ಇನ್ನೊಬ್ಬರು ಬೆಂಕಿಯನ್ನೇ ನೋಡುತ್ತ ಕೂತಿರುವಂತೆ, ಏನೋ ಒಂದು ಹೇಳಲು ಬಾಯಿ ತೆರೆದು ಮುಚ್ಚುವಂತೆ ಅನ್ನಿಸುತ್ತಿತ್ತು. ಮೂವತ್ತೊಂಬತ್ತು ವರ್ಷದ ವಿಧವೆ, ಒಂಬತ್ತು ದಿನ ನೀರಲ್ಲಿದ್ದ ಮಗಳನ್ನು ಒಬ್ಬಳೇ ತೊಳೆಯುವಾಗ ಆ ಗಡಿಯಾರವನ್ನು ಬಿಚ್ಚಿ ನದಿಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಮಗಳ ಸಣ್ಣ ಕೈಗೆ ಸರಿಹೋಗಲೆಂದು ತೂತು ಚುಚ್ಚಿ ಬಿಗಿದು ಕಟ್ಟಿದ್ದಳು. ಚುಚ್ಚಿದವರು ಯಾರು ಎಂಬುದು ಫ್ಯೋಕ್ಲಾಗೆ ಹೊಳೆಯಲು ಅಷ್ಟು ವರ್ಷ ಹಿಡಿಯಿತು.

ಡಿಸೆಂಬರ್‌ನಲ್ಲಿ, ನದಿ ಎರಡು ಮೊಳ ದಪ್ಪವಾದ ಮೇಲೆ, ಅವಳು ಟೆರೆಂತಿಯ ಮನೆಗೆ ಹೋದಳು. ಅವನಿಗೀಗ ಗುದ್ದಲಿ ಎತ್ತುವ ಶಕ್ತಿ ಇರಲಿಲ್ಲ.

"ಅಣ್ಣ, ನೀನು ಗಾಡಿ ಮೇಲೆ ಕೂತು ಹೇಳು. ಬೆಂಕಿ ನಾನು ಇಡ್ತೀನಿ."

ಐದು ದಿನ ಹಿಡಿಯಿತು. ಸೌದೆ ಒಟ್ಟಿದವಳೂ ಅವಳೇ, ಬೂದಿ ತೆಗೆದವಳೂ ಅವಳೇ; ಗವ್ರಿಲ್ ಅಗೆದ. ಈ ಸಲ ಮುಚ್ಚಳ ಸರಿಯಲಿಲ್ಲ. ತೆಗೆದು ನೋಡುತ್ತೀಯಾ ಎಂದು ಗವ್ರಿಲ್ ಕಣ್ಣಲ್ಲೇ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ, ಪೆಟ್ಟಿಗೆಯ ಮೇಲಿನ ಮಣ್ಣನ್ನು ಕೈಗವಸಿನಿಂದ ಒರೆಸಿದಳು.

ಮಂಜಿನ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಕುದುರೆಯ ಬಾಲವೂ ಕಾಣುತ್ತಿರಲಿಲ್ಲ. ಗವ್ರಿಲ್ ಲಗಾಮು ಹಿಡಿದು ಮುಂದೆ ನಡೆದ. ಫ್ಯೋಕ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಗಾಡಿಯ ಅಂಚಿಗೆ ಕೂತಳು. ಗಾಡಿ ಊರು ದಾಟಿತು. ಗುಡ್ಡದ ಏರು ಶುರುವಾದಾಗ ಅವಳ ದನಿ ಕೇಳಿತು. ಬೈಯುತ್ತಿದ್ದಳು. ನಾನು ಮಗು ಆಗಿರ್ಲಿಲ್ವೇನೇ, ನಾನೂ ನಿನ್ನ ಹೊಟ್ಟೇಲೇ ಹುಟ್ಟಿರ್ಲಿಲ್ವೇನೇ, ಊರಿಗೆಲ್ಲ ಆಣೆ ಹಾಕಿಸಿದೋಳು ನನಗೊಂದು ಮಾತು ಹೇಳೋಕೆ ನಿನ್ನ ಬಾಯಿಗೇನಾಗಿತ್ತೇ, ಅವನು ಕುಂಟ ಆದ್ರೆ ಏನಾಗಿತ್ತೇ, ಮದುವೆ ಮಾಡಿದ್ರೆ ಆಗ್ತಿರ್ಲಿಲ್ವಾ? ಬೈಗುಳ ಒಂದೊಂದೂ ಉಸಿರಿನ ಜೊತೆ ಹೆಪ್ಪುಗಟ್ಟಿ ಅವಳ ಕೊರಳ ಚರ್ಮದ ಮೇಲೆ ಬೆಳ್ಳಗೆ ಕೂತಿತು. ಗುಡ್ಡದ ನೆತ್ತಿ ಇನ್ನೇನು ಹತ್ತಿರವಿತ್ತು. ಅವಳ ಮಾತು ಮುಗಿದಿಲ್ಲ ಎಂದು ಗವ್ರಿಲ್‌ಗೆ ಗೊತ್ತಾಯಿತು. ಅವನು ಲಗಾಮು ಸಡಿಲ ಬಿಟ್ಟು, ಕುದುರೆಯನ್ನು ಸುತ್ತಿನ ದಾರಿಗೆ ತಿರುಗಿಸಿದ.